ಕಡಿಮೆ ದುಡ್ಡಿನ ಹಾರರ್ ಸಿನಿಮಾ ನೋಡುವುದು ಹೇಗೆ?

ನೋಡಬಹುದಾ ಅಂತ ಕೇಳಿದರೆ, ಖಂಡಿತ ನೋಡಿ. ‘ಪ್ಯಾರಾನಾರ್ಮಲ್ ಆ್ಯಕ್ಟಿವಿಟಿ’ಯನ್ನು ನಿರ್ದೇಶಕ ಓರೆನ್ ಪೆಲಿ ಸುಮಾರು 15,000 ಡಾಲರ್‌ನಲ್ಲಿ, ತಮ್ಮ ಮನೆಯಲ್ಲೇ ತೆಗೆದದ್ದು. ದೆವ್ವ ತೋರಿಸಲು ದುಡ್ಡಿಲ್ಲದಾಗ ಸದ್ದು, ಕತ್ತಲೆ, ಅರ್ಧ ತೆರೆದ ಬಾಗಿಲು ಇಷ್ಟರಲ್ಲೇ ಹೆದರಿಸಬೇಕು, ನನಗೆ ಜಾಸ್ತಿ ಇಷ್ಟವಾಗುವುದೂ ಅದೇ.

ಟ್ರೇಲರ್ ನೋಡಲೇಬೇಡಿ. ಜೋರು ಮಳೆಯ ರಾತ್ರಿಯೂ ಬೇಡ: ತೀರ್ಥಹಳ್ಳಿ ಕಡೆಯ ಹಂಚಿನ ಮನೆಯಲ್ಲಿ ಮಳೆ ಹೊಡೆಯುವ ಸದ್ದಿಗೆ ಸಿನಿಮಾದ ಪಿಸುಮಾತು ಕೇಳುವುದೇ ಇಲ್ಲ, ಕರೆಂಟೂ ಹೋಗುತ್ತದೆ. ನೆಟ್ ನಂಬಬೇಡಿ, ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಮಳೆ ನಿಂತ ಮೇಲೆ, ಹೊರಗೆ ಜೀರುಂಡೆ ಕೂಗುವ ಹೊತ್ತಿಗೆ, ದೀಪ ಆರಿಸಿ, ಇಯರ್‌ಫೋನ್ ಹಾಕಿ ಕೂರಿ. ನಟನೆ ಸ್ವಲ್ಪ ಸಪ್ಪೆ ಅನ್ನಿಸಿದರೂ 20 ನಿಮಿಷ ತಾಳಿ. ಆಮೇಲೂ ಮೈ ಜುಂ ಅನ್ನದಿದ್ದರೆ ಸುಮ್ನೆ ಬೇರೆ ಹಾಕಿ.