ಬ್ಯಾಂಕಾಕಿನಲ್ಲಿ ಅತ್ತೆ, ನಾನು ಮತ್ತು ಹಳದಿ ಬಾವುಟ

ಮೊದಲ ರಾತ್ರಿ ನಾವು ತಿಂದದ್ದು ಅವಲಕ್ಕಿ. ಸಾಗರದಿಂದ ಡಬ್ಬಿಯಲ್ಲಿ ಬಂದಿದ್ದ ತೆಳು ಅವಲಕ್ಕಿಗೆ ಎರಡು ಚಮಚ ಪುಳಿಯೋಗರೆ ಗೊಜ್ಜು ಹಾಕಿ, ಕೆಟಲಿನ ಬಿಸಿನೀರು ಚಿಮುಕಿಸಿ ಕಲಸಿದ್ದೆ. ಕಿಟಕಿಯಿಂದ ಇಣುಕಿದರೆ ಬೀದಿ ಉದ್ದಕ್ಕೂ ತಳ್ಳುಗಾಡಿ, ಹೊಗೆ, ಬಾಣಲೆಗೆ ಸೌಟು ಬಡಿಯುವ ಸದ್ದು. ಊರಿಗೆ ಊರೇ ಬೀದಿಗೆ ಬಂದು ಊಟ ಮಾಡುತ್ತಿತ್ತು. ನಾವಿಬ್ಬರು ಮಂಚದ ಮೇಲೆ ಕೂತು ಅವಲಕ್ಕಿ ಮುಕ್ಕುತ್ತಿದ್ದೆವು.

"ಮೂರು ವಾರಕ್ಕೆ ಇದು ಸಾಲ್ತದನೇ?" ಅಂತ ಅತ್ತೆ ಡಬ್ಬಿ ಅಲ್ಲಾಡಿಸಿ ನೋಡಿದರು.

ನನ್ನ ಗಂಡನಿಗೆ ಅಲ್ಲಿ ಮೂರು ವಾರ ಆಫೀಸ್ ಕೆಲಸ ಇತ್ತು. ಅವರಿಗೆ ಊಟದ ತಲೆಬಿಸಿ ಇಲ್ಲ, ಏನು ಕೊಟ್ಟರೂ ತಿನ್ನುತ್ತಾರೆ. ನಾನು ಮೀನು, ಮಾಂಸ ಮುಟ್ಟುವುದಿಲ್ಲ. ಕೇಕಿನಲ್ಲಿ ಮೊಟ್ಟೆ ಇದ್ದರೆ ಗೊತ್ತಿಲ್ಲದ ಹಾಗೆ ಇರುತ್ತೇನೆ. ಅತ್ತೆಗೆ 68 ವರ್ಷ, ಈರುಳ್ಳಿ ಬೆಳ್ಳುಳ್ಳಿ ಕೂಡ ಇಲ್ಲ. ಬೆಂಗಳೂರಲ್ಲೇ ಅವರನ್ನು ಹೋಟೆಲಿಗೆ ಕರೆದುಕೊಂಡು ಹೋಗುವುದು ಒಂದು ಯಜ್ಞ. ಆದರೂ ಬರ್ತೀನಿ ಅಂದರು. ಅಲ್ಲಿನ ವಿಮಾನ ನಿಲ್ದಾಣದ ಹೆಸರು ಸುವರ್ಣಭೂಮಿ ಅಂತ ಯಾರೋ ಹೇಳಿದ್ದೇ ಕಾರಣ. "ಅಷ್ಟು ಚೆಂದದ ಹೆಸರು ಇಟ್ಟವರು ಒಂದು ತುತ್ತು ಅನ್ನ ಹಾಕಲಿಕ್ಕಿಲ್ವಾ?" ಅದನ್ನು ಅಲ್ಲಿಯವರು ಸುವನ್ನಫೂಮ್ ಅನ್ನುತ್ತಾರೆ ಅಂತ ಇಳಿದ ಮೇಲೆ ಗೊತ್ತಾಯಿತು. ಹಣದ ಹೆಸರು ಬಾತ್ ಅಂತ ಗೊತ್ತಾದಾಗ ಅವರಿಗೆ ಇನ್ನೂ ಧೈರ್ಯ ಬಂತು.

ಮೊದಲು ಮನೆಯ ಕತೆ ಹೇಳಿಬಿಡ್ತೀನಿ. ನಾನು ದುಡ್ಡು ಉಳಿಸೋಣ ಅಂತ ಆನ್‌ಲೈನಲ್ಲಿ ಒಂದು ಕಾಂಡೋ ಫ್ಲ್ಯಾಟ್ ಬುಕ್ ಮಾಡಿದ್ದೆ. ಫೋಟೋದಲ್ಲಿ ಈಜುಕೊಳ, ಅಡುಗೆಮನೆ, ಎಲ್ಲ ಇತ್ತು. ಹೋಗಿ ನೋಡಿದರೆ ಲಿಫ್ಟಿನಲ್ಲೇ ದೊಡ್ಡ ನೋಟಿಸ್: ಇಲ್ಲಿ ದಿನದ ಬಾಡಿಗೆಗೆ ಕೊಡುವುದು ನಿಷೇಧ. ಅಷ್ಟರಲ್ಲಿ ಮಾಲೀಕನ ಮೆಸೇಜ್ ಬಂತು, ಸೆಕ್ಯುರಿಟಿಯವರು ಕೇಳಿದರೆ ನನ್ನ ಫ್ರೆಂಡ್ಸ್ ಅನ್ನಿ ಅಂತ. ಅತ್ತೆಗೆ ಓದಿ ಹೇಳಿದೆ. "ಈ ವಯಸ್ಸಲ್ಲಿ ಸುಳ್ಳು ಹೇಳಿ ಮಲಗಬೇಕಾ?" ಅಂದರು. ಆಮೇಲೆ ವಿಚಾರಿಸಿದರೆ, ಥಾಯ್ಲೆಂಡಿನಲ್ಲಿ 2004ರ ಹೋಟೆಲ್ ಕಾಯ್ದೆ ಪ್ರಕಾರ 30 ದಿನಕ್ಕಿಂತ ಕಡಿಮೆ ಅವಧಿಗೆ ಹಾಗೆ ಬಾಡಿಗೆ ಕೊಡಬೇಕಾದರೆ ಹೋಟೆಲ್ ಲೈಸೆನ್ಸ್ ಬೇಕು. ಎರಡು ರಾತ್ರಿಯ ದುಡ್ಡು ನೀರಲ್ಲಿ ಹೋಮ ಮಾಡಿ ಮಾರನೇ ದಿನವೇ ಗಂಟುಮೂಟೆ ಕಟ್ಟಿದೆವು.

ಎರಡನೇ ಸಲ ಬುದ್ಧಿ ಬಂದಿತ್ತು. ಲೈಸೆನ್ಸ್ ಇರುವ ಸರ್ವೀಸ್ ಅಪಾರ್ಟ್‌ಮೆಂಟೇ ಬೇಕು ಅಂತ ಹುಡುಕಿದೆ. ಸ್ಟಾರ್ ಎಷ್ಟು ಅಂತ ನೋಡಲಿಲ್ಲ, ಅತ್ತೆಯ ಮಂಡಿ ನೋಡಿದೆ. ಬ್ಯಾಂಕಾಕಿನ ಸೆಖೆಯಲ್ಲಿ ಅರ್ಧ ಕಿಲೋಮೀಟರ್ ಅಂದರೆ ನಮ್ಮೂರಿನ ಎರಡು ಕಿಲೋಮೀಟರಿಗೆ ಸಮ. ಅದರಲ್ಲೂ ನಾವು ಹೋದದ್ದು ಏಪ್ರಿಲ್ ಕೊನೆಯಲ್ಲಿ, ಬಿಸಿಲು ಜಾಸ್ತಿ ಇರುವಾಗ. ಸುಖುಮ್‌ವಿತ್ ದೊಡ್ಡ ರಸ್ತೆ. ಅದರಿಂದ ಕವಲೊಡೆದ ಗಲ್ಲಿಗಳಿಗೆ ಸೋಯ್ ಅನ್ನುತ್ತಾರೆ. ಒಂದು ಬದಿಗೆ ಬೆಸ ಸಂಖ್ಯೆ, ಇನ್ನೊಂದು ಬದಿಗೆ ಸಮ ಸಂಖ್ಯೆ. ಹಾಗಾದರೆ 55ರ ಎದುರು 54 ಅಥವಾ 56 ಇರಬೇಕು ಅಲ್ವಾ? ಇಲ್ಲ, 55ರ ಎದುರಿಗೆ ಇರುವುದು 38. ಎರಡೂ ಬದಿ ತಮ್ಮ ಪಾಡಿಗೆ ಎಣಿಸಿಕೊಂಡು ಹೋಗಿವೆ. ಇದು ಗೊತ್ತಿಲ್ಲದೆ ಒಂದು ಮಧ್ಯಾಹ್ನ ಅತ್ತೆಯನ್ನು ಚೆನ್ನಾಗಿ ನಡೆಸಿದೆ, ಅದಕ್ಕೆ ಬೈಸಿಕೊಂಡಿದ್ದೂ ಆಯಿತು. ಆದ್ದರಿಂದ ಮ್ಯಾಪಿನಲ್ಲಿ ಬರೀ ದೂರ ನೋಡಬೇಡಿ. ಸ್ಕೈಟ್ರೇನ್, ಅಂದರೆ ಕಂಬಗಳ ಮೇಲೆ ಓಡುವ ಮೆಟ್ರೋ, ಅದರ ಸ್ಟೇಷನ್ನಿನ ಯಾವ ಬಾಗಿಲಿನ ಕಡೆ ಲಿಫ್ಟ್ ಇದೆ, ರಸ್ತೆ ದಾಟಲು ಎಷ್ಟು ಮೆಟ್ಟಿಲು ಹತ್ತಬೇಕು, ಅದನ್ನೂ ನೋಡಿ.

ಸಿಕ್ಕ ರೂಮು ಚಿಕ್ಕದು. ಒಂದು ಕರೆಂಟ್ ಒಲೆ, ಫ್ರಿಜ್, ಬಟ್ಟೆ ಒಗೆಯುವ ಮಷೀನು, ಅಷ್ಟೇ. ಟಾಯ್ಲೆಟ್ಟಿನಲ್ಲಿ ನಮ್ಮಲ್ಲಿರುವ ಹಾಗೇ ನೀರಿನ ಪಿಚಕಾರಿ ಇದೆ ಅಂತ ನೋಡಿ ಅತ್ತೆ ಅರ್ಧ ಗೆದ್ದೆ ಅಂದರು. ಕೆಳಗೆ ಗಲ್ಲಿಯ ಮೂಲೆಯಲ್ಲಿ ಕುಡಿಯುವ ನೀರಿನ ಮಷೀನು. ಒಂದು ಬಾತ್ ನಾಣ್ಯ ಹಾಕಿದರೆ ಹೆಚ್ಚುಕಮ್ಮಿ ಒಂದು ಲೀಟರ್ ಶುದ್ಧ ಮಾಡಿದ ನೀರು. ದಿನಾ ಬೆಳಿಗ್ಗೆ ಬಾಟಲಿ ಹಿಡಿದು ಹೋಗುವುದು ಅವರದೇ ಕೆಲಸ ಆಯಿತು. ರಿಸೆಪ್ಷನ್ನಿನ ಗೋಡೆಯ ಮೇಲೆ ಮುಳ್ಳುಮುಳ್ಳಿನ ಒಂದು ಹಣ್ಣಿನ ಚಿತ್ರ, ಅದರ ಮೇಲೆ ಕೆಂಪು ಗೀಟು. "ಹಲಸಿನ ಹಣ್ಣು ಇವರಿಗೆ ಎಂತ ಮಾಡ್ತು?" ಅಂತ ಅತ್ತೆ ಸಿಟ್ಟಾದರು. ಅದು ಹಲಸಲ್ಲ, ಡುರಿಯನ್, ವಾಸನೆ ಹೋಗುವುದಿಲ್ಲ ಅಂತ ರೂಮಿಗೆ ತರಲು ಬಿಡುವುದಿಲ್ಲ ಅಂದೆ. ಸಂಜೆ ನಿಜವಾದ ಹಲಸಿನ ತೊಳೆ ಕೊಂಡು ತಂದು, ಆ ಬೋರ್ಡಿನ ಮುಂದೆಯೇ ಗತ್ತಿನಿಂದ ಹೋದರು.

ಇನ್ನು ಊಟ. ಹೊರಡುವ ಮೊದಲು ಎಲ್ಲರೂ ಹೇಳಿದ್ದು ಒಂದೇ ಮಾತು, ಇಂಡಿಯನ್ ಹೋಟೆಲ್ ಬೇಕಾದಷ್ಟಿವೆ, ಚಿಂತೆ ಬೇಡ. ನಿಜ, ಸುಖುಮ್‌ವಿತ್, ಸೀಲೋಮ್, ಫಾಹುರತ್ ಕಡೆ ತುಂಬ ಇವೆ. ಎರಡು ಸಲ ಹೋದೆವು. ಪನ್ನೀರು, ದಾಲು, ಕುರ್ಮಾ, ಯಾವುದಕ್ಕೆ ಕೈ ಹಾಕಿದರೂ ತಳದಲ್ಲಿ ಅದೇ ಈರುಳ್ಳಿ ಬೆಳ್ಳುಳ್ಳಿ ಮಸಾಲೆ. ಅತ್ತೆ ಅನ್ನ ಮೊಸರು ತಿಂದು ಎದ್ದರು. ಬಿಲ್ಲು ಮಾತ್ರ ಬೀದಿ ಊಟದ ಮೂರು ನಾಲ್ಕು ಪಟ್ಟು. ನಮ್ಮವರ ಹೋಟೆಲಿನಲ್ಲಿ ಉಪವಾಸ ಬಿದ್ದವರಿಗೆ ಊಟ ಸಿಕ್ಕಿದ್ದು ಥಾಯ್ ಅಂಗಡಿಯಲ್ಲಿ. ಅದೂ ಒಂದು ಶಬ್ದದಿಂದ.

ಆ ಶಬ್ದ 'ಜೇ'. ಕಲಿಸಿದ್ದು ರಿಸೆಪ್ಷನ್ನಿನ ಹುಡುಗಿ. ನಾನು ವೆಜಿಟೇರಿಯನ್ ಅಂದೆ, ಅವಳು ಮಂಗ್‌ಸವಿರತ್ ಅಂದಳು. ಅದು ಅವರ ಭಾಷೆಯಲ್ಲಿ ಸಸ್ಯಾಹಾರ, ಆದರೆ ಮೊಟ್ಟೆ ನಡೆಯುತ್ತದೆ. ಮೊಟ್ಟೆ ಇಲ್ಲ ಅಂದೆ, ಈರುಳ್ಳಿ ಇಲ್ಲ ಅಂದೆ, ಬೆಳ್ಳುಳ್ಳಿಯೂ ಇಲ್ಲ ಅಂದೆ. ಅವಳ ಮುಖ ಅರಳಿತು. "ಓ, ಜೇ!" ಚೀನೀ ಮೂಲದವರು ಪಾಲಿಸುವ ವ್ರತದ ಊಟ ಅದು. ಮಾಂಸ, ಮೀನು, ಮೊಟ್ಟೆ, ಹಾಲು ಇಲ್ಲ, ಜೊತೆಗೆ ಈರುಳ್ಳಿ, ಬೆಳ್ಳುಳ್ಳಿಯಂಥ ಘಾಟಿನ ಗಡ್ಡೆಗಳೂ ಇಲ್ಲ. ಚೀನೀ ಪಂಚಾಂಗದ ಒಂಬತ್ತನೇ ತಿಂಗಳಲ್ಲಿ, ಅಂದರೆ ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ, ಒಂಬತ್ತು ದಿನ ಇದರ ಹಬ್ಬವೇ ನಡೆಯುತ್ತದೆ. ಆಗ ಚೈನಾಟೌನ್ ಯಾವರತ್ ತುಂಬ ಇದೇ ಊಟವಂತೆ. ಹೆಚ್ಚುಕಮ್ಮಿ ನಮ್ಮ ನವರಾತ್ರಿ ಸಮಯಕ್ಕೇ! ಮೊದಲೇ ಗೊತ್ತಿದ್ದರೆ ಆಗಲೇ ಬರಬಹುದಿತ್ತು ಅಂತ ಅತ್ತೆ ಇವತ್ತಿಗೂ ಹೇಳುತ್ತಾರೆ, ಆಫೀಸಿನವರು ಅವರನ್ನು ಕೇಳಿ ದಿನ ಗೊತ್ತು ಮಾಡುತ್ತಾರೇನೋ ಅನ್ನುವ ಹಾಗೆ.

ಜೇ ಅಂಗಡಿಗೆ ಗುರುತು ಹಳದಿ ಬಾವುಟ, ಅದರ ಮೇಲೆ ಕೆಂಪಕ್ಷರ. ಆ ಅಕ್ಷರ ದೂರದಿಂದ ನೋಡಿದರೆ ಥೇಟ್ 17 ಅಂತ ಕಾಣುತ್ತದೆ. ಎರಡೇ ದಿನದಲ್ಲಿ ಅತ್ತೆಯ ಕಣ್ಣಿಗೆ ಅದು ಎಷ್ಟು ಪಳಗಿತೆಂದರೆ, ಟ್ರೇನಿನ ಕಿಟಕಿಯಿಂದಲೇ ಕೈ ತೋರಿಸುತ್ತಿದ್ದರು. "ನೋಡೇ ಅಲ್ಲಿ, ಹದಿನೇಳು!" ಅಂಗಡಿಯ ಪ್ಯಾಕೆಟ್ಟುಗಳ ಮೇಲೂ ಇದೇ ಗುರುತು ಇರುತ್ತದೆ. ಬಿಸ್ಕತ್ತು, ಸೋಯಾ ಹಾಲು, ಬನ್ನು ಎಲ್ಲ ಹಾಗೇ ಹುಡುಕಿಕೊಂಡೆವು.

ನಮ್ಮ ಗಲ್ಲಿಯಿಂದ ಹತ್ತು ನಿಮಿಷಕ್ಕೆ ಅಂಥದ್ದೊಂದು ಅಂಗಡಿ ಇತ್ತು. ಗಾಜಿನ ಪೆಟ್ಟಿಗೆಯಲ್ಲಿ ಎಂಟು ಹತ್ತು ಸ್ಟೀಲ್ ತಟ್ಟೆ. ಬೆರಳು ತೋರಿಸಿದರೆ ಅನ್ನದ ಮೇಲೆ ಎರಡು ಬಗೆ ಹಾಕಿ ಕೊಡುತ್ತಾರೆ, 50 ಬಾತ್. ಮೊದಲ ದಿನ ಅತ್ತೆ ತಟ್ಟೆ ನೋಡಿ ಎರಡು ಹೆಜ್ಜೆ ಹಿಂದೆ ಬಂದರು. ಒಳಗೆ ಮೀನಿನ ತುಂಡು! ಕಪ್ಪು ಚರ್ಮ, ಬಿಳಿ ಒಳಭಾಗ. ಪಕ್ಕದಲ್ಲಿ ಬಾತುಕೋಳಿಯ ಹಾಗೆ ಹೋಳು ಮಾಡಿದ್ದು ಇನ್ನೊಂದು. ಅಂಗಡಿಯ ಹೆಂಗಸು ನಕ್ಕಳು. ಒಂದು ತುಂಡು ಎತ್ತಿ ಅಂಗೈ ಮೇಲಿಟ್ಟು ಬಿಡಿಸಿದಳು. ಸೋಯಾ ಹಾಲಿನ ಕೆನೆಯ ಪದರ, ಪತ್ರೊಡೆ ಸುತ್ತಿದ ಹಾಗೆ ಸುತ್ತಿದ್ದು. ಮೇಲಿನ ಕಪ್ಪು ಚರ್ಮ ಕಡಲ ಪಾಚಿಯ ಹಾಳೆ. ಅತ್ತೆ ಪದರ ಪದರ ನೋಡಿದರು, ಮೂಸಿದರು. "ಬೇಡ ಅಂತ ಬಿಟ್ಟವರಿಗೆ ಅದರದ್ದೇ ಗೊಂಬೆ ಯಾಕೆ?" ಅಂದರು. ಅದನ್ನು ಕೊನೆವರೆಗೂ ಮುಟ್ಟಲಿಲ್ಲ. ಕುಂಬಳಕಾಯಿ, ಎಲೆಕೋಸು, ಸೋಯಾ ಹಾಲಿನ ಪನ್ನೀರಿನಂಥ ಟೋಫು ತಿಂದರು.

ಟೋಫು ಹುರಿದದ್ದರಲ್ಲಿ ಇನ್ನೊಂದು ಗಮ್ಮತ್ತು. ಬಾಯಿಗಿಡುವ ಮೊದಲೇ ಮೂಗಿಗೆ ಪರಿಚಯದ ವಾಸನೆ ಬಂತು. ಎಲೆ ಬೇರೆ ಮಾಡಿ ನೋಡಿದರೆ ತುಳಸಿ. ಥಾಯ್ ಅಡುಗೆಯ ಕಪ್ರಾವ್ ಅಂದರೆ ನಮ್ಮ ತುಳಸಿಯೇ. ಮೆಣಸಿನ ಜೊತೆ ಮುಷ್ಟಿಗಟ್ಟಲೆ ಹಾಕಿ ಜೋರು ಉರಿಯಲ್ಲಿ ಹುರಿಯುತ್ತಾರೆ. ಕರಿಗಳಿಗೆ ಹಾಕುವ ಹೋರಪಾ ಬೇರೆ, ಅದು ಕಾಮಕಸ್ತೂರಿ ಜಾತಿಯದು. ಕಟ್ಟೆಯ ಮೇಲಿನ ತುಳಸಿ ಬಾಣಲೆಯಲ್ಲಿ! ನಾನು ಏನಾಗುತ್ತದೋ ಅಂತ ಕಾದೆ. ಅತ್ತೆ ಒಂದೆಲೆ ಎತ್ತಿ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಆಮೇಲೆ ಉಳಿದದ್ದನ್ನು ಸುಮ್ನೆ ತಿಂದರು. ಮಾರನೇ ದಿನ ಅದನ್ನೇ ಕೇಳಿದರು.

ಜೇ ಅಂಗಡಿ ಇಲ್ಲದ ಕಡೆ ಎಚ್ಚರಿಕೆ ಬೇಕು. ತರಕಾರಿ ಮಾತ್ರ ಹಾಕಿದ್ದೇವೆ ಅಂತ ಅವರು ಸುಳ್ಳು ಹೇಳುವುದಿಲ್ಲ. ಆದರೆ ಅವರ ಲೆಕ್ಕದಲ್ಲಿ ಮೀನಿನ ಸಾಸು ನಮ್ಮ ಉಪ್ಪಿದ್ದ ಹಾಗೆ. ಅದಕ್ಕೆ ನಾಮ್ ಪ್ಲಾ ಅನ್ನುತ್ತಾರೆ. 'ಮಾಯ್ ಸೈ ನಾಮ್ ಪ್ಲಾ', ಅಂದರೆ ಮೀನಿನ ಸಾಸು ಹಾಕಬೇಡಿ ಅಂತ ಹೇಳಲೇಬೇಕು. ಹಸಿರು ಕರಿಯಂಥವಕ್ಕೆ ಅದೂ ಸಾಲದು, ಅರೆದಿಟ್ಟ ಮಸಾಲೆಯೊಳಗೇ ಸಿಗಡಿ ಸೇರಿರುತ್ತದೆ. ಪಪ್ಪಾಯಿ ಕೋಸಂಬರಿ ಸೋಮ್ ತಮ್‌ಗೂ ಒಣಸಿಗಡಿ ಬೀಳುತ್ತದೆ, ಕಣ್ಣೆದುರೇ ಕುಟ್ಟುವುದರಿಂದ ಬೇಡ ಅಂತ ತಡೆಯಬಹುದು. ನಾನು ಏಮಾರಿದ್ದು ಸಿಹಿ ತಿಂಡಿಯಲ್ಲಿ. ಹೊಂಬಣ್ಣದ ಎಳೆ ಎಳೆ, ನಮ್ಮ ಶಾವಿಗೆ ಪಾಕದ ಹಾಗೆ. ಒಂದು ಡಬ್ಬಿ ತಂದು ಇಬ್ಬರೂ ಒಂದೊಂದು ಚಮಚ ತಿಂದ ಮೇಲೆ ರಿಸೆಪ್ಷನ್ನಿನ ಹುಡುಗಿ ಹೇಳಿದಳು, ಫೊಯ್ ಥೋಂಗ್, ಬರೀ ಮೊಟ್ಟೆಯ ಹಳದಿ ಮತ್ತು ಸಕ್ಕರೆ. ಅತ್ತೆ ಸ್ನಾನಕ್ಕೆ ಹೋದರು. ಆ ವಿಷಯ ನಾವು ಊರಲ್ಲಿ ಯಾರಿಗೂ ಹೇಳಿಲ್ಲ. ಈಗ ಬರೆಯುತ್ತಿದ್ದೇನೆ, ಅವರಿಗೆ ಓದಿ ಹೇಳುವಾಗ ಈ ಸಾಲು ಬಿಡುತ್ತೇನೆ.

ಮಳೆ ಬಂದ ದಿನ ಮಾಲಿನ ಫುಡ್ ಕೋರ್ಟ್. ಅಸೋಕ್ ಸ್ಟೇಷನ್ನಿಗೆ ಅಂಟಿಕೊಂಡಿರುವ ಟರ್ಮಿನಲ್ 21ರಲ್ಲಿ ದುಡ್ಡು ಕೊಟ್ಟು ಕಾರ್ಡ್ ತಗೊಂಡು, ಉಜ್ಜಿ ತಿಂದು, ಉಳಿದದ್ದನ್ನು ಕೌಂಟರಿನಲ್ಲಿ ವಾಪಸ್ ಪಡೆಯುವುದು. ದೊಡ್ಡ ಮಾಲು ಅಂತ ಹೆದರಬೇಕಿಲ್ಲ, ಬೀದಿಯ ರೇಟಿಗೇ ಊಟ ಸಿಗುತ್ತದೆ. ಅಲ್ಲೂ ಒಂದು ಜೇ ಕೌಂಟರ್ ಇತ್ತು.

ಆದರೆ ಅತ್ತೆಗೆ ಮೆಚ್ಚಾದದ್ದು ಖನೊಮ್ ಕ್ರೋಕ್. ನೋಡಿದರೆ ನಮ್ಮ ಪಡ್ಡಿನ ಕಾವಲಿ! ಗುಳಿಗೆ ಮೊದಲು ಅಕ್ಕಿ ಹಿಟ್ಟು, ಅದು ಅಂಚಿನಲ್ಲಿ ಗಟ್ಟಿಯಾಗುತ್ತಿದ್ದ ಹಾಗೆ ಮೇಲಿಂದ ಉಪ್ಪು ಸಕ್ಕರೆ ಹಾಕಿದ ದಪ್ಪ ತೆಂಗಿನ ಹಾಲು. ಮುಚ್ಚಳ ಮುಚ್ಚುತ್ತಾರೆ. ಮಗುಚುವುದಿಲ್ಲ, ಚಮಚದಲ್ಲಿ ಎಬ್ಬಿಸಿ ಎರಡನ್ನು ಮುಖಾಮುಖಿ ಜೋಡಿಸಿ ಬಾಳೆ ಎಲೆಯ ದೊನ್ನೆಗೆ ಇಡುತ್ತಾರೆ. ತಳ ಗರಿಗರಿ, ನಡುವೆ ಗಂಜಿಯ ಹಾಗೆ ಮೆತ್ತಗೆ. ಮೇಲೆ ಈರುಳ್ಳಿ ಸೊಪ್ಪು ಉದುರಿಸುತ್ತಾರೆ, ಬೇಡ ಅಂದರೆ ಮೆಕ್ಕೆಜೋಳದ ಕಾಳು. ಅತ್ತೆ ಗಾಡಿಯ ಪಕ್ಕ ಕಾಲು ಗಂಟೆ ನಿಂತು ಉರಿ ಎಷ್ಟು, ಹಿಟ್ಟು ಎಷ್ಟು ತೆಳು ಅಂತ ನೋಡಿಕೊಂಡರು. ಮಗುಚದೆ ಬೇಯಿಸುವುದು ಸರಿಯಲ್ಲ ಅಂತ ಆ ಹೆಂಗಸಿಗೆ ಕನ್ನಡದಲ್ಲೇ ಹೇಳಿದರು. ಅವಳೂ ಥಾಯ್ ಭಾಷೆಯಲ್ಲಿ ಏನೋ ವಾದ ಮಾಡಿದಳು.

ಬೆಳಗಿನ ಉಪ್ಪಿಟ್ಟು, ರಾತ್ರಿಯ ಗಂಜಿ ರೂಮಿನಲ್ಲೇ ಮಾಡಿಕೊಂಡೆವು. ಹೊರಗಿನ ಊಟ ಮಧ್ಯಾಹ್ನಕ್ಕೆ ಮಾತ್ರ. ಮೂರು ಹೊತ್ತೂ ಹೊರಗೆ ಅಂತ ಹೊರಟಿದ್ದರೆ ಇಬ್ಬರಿಗೂ ಒಂದೇ ವಾರಕ್ಕೆ ಸಾಕಾಗುತ್ತಿತ್ತು. ಊರಿಂದ ತಂದ ಅವಲಕ್ಕಿಯಲ್ಲಿ ಅರ್ಧ ಡಬ್ಬಿ ವಾಪಸ್ ಬಂತು.

ಅಲ್ಲಿ ಯಾರಾದರೂ ಎದುರಾದರೆ 'ಕಿನ್ ಖಾವ್ ರು ಯಂಗ್' ಅಂತ ಕೇಳುವುದುಂಟು, ಅಂದರೆ ಊಟ ಆಯ್ತಾ ಅಂತ. ಹೊರಡುವ ದಿನ ರಿಸೆಪ್ಷನ್ನಿನ ಹುಡುಗಿ ಪೆಟ್ಟಿಗೆ ಹಿಡಿದು ನಿಂತಿದ್ದ ಅತ್ತೆಯನ್ನು ಅದನ್ನೇ ಕೇಳಿದಳು. ನಾನು ಅರ್ಥ ಹೇಳುವ ಮೊದಲೇ ಅತ್ತೆ ಕನ್ನಡದಲ್ಲಿ ಉತ್ತರ ಕೊಟ್ಟರು. "ಆಯ್ತು ಮಗಾ, ಹದಿನೇಳರಲ್ಲಿ. ನಿಂದು?"