1500 ದಾಟದ ಮೋಟಾರ್ 1530 ತೋರಿಸಿದಾಗ

ನಾಲ್ಕು ಪೋಲ್‌ನ ಇಂಡಕ್ಷನ್ ಮೋಟಾರ್‌ಗೆ 50 ಹರ್ಟ್ಜ್ ಕೊಟ್ಟರೆ ಅದು 1500 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಮುಟ್ಟುವುದಿಲ್ಲ. ಲೋಡ್ ಇಲ್ಲದಾಗ 1490ರ ಆಚೀಚೆ ಓಡುತ್ತದೆ, ಲೋಡ್ ಬಿದ್ದರೆ ಇನ್ನೂ ಇಳಿಯುತ್ತದೆ. ಪೀಣ್ಯದ ಒಂದು ಪಂಪ್ ಟೆಸ್ಟ್ ರಿಗ್‌ನಲ್ಲಿ ನಮ್ಮ ಸ್ಕ್ರೀನ್ ಮಾತ್ರ 1530 ತೋರಿಸುತ್ತಿತ್ತು. ಮೋಟಾರ್‌ಗೆ ಬೇಕಾದ ಹರ್ಟ್ಜ್‌ನಲ್ಲಿ ಕರೆಂಟ್ ಕೊಡುವ ಡ್ರೈವ್‌ನ ಡಿಸ್‌ಪ್ಲೇನಲ್ಲಿ ಸರಿಯಾಗಿ 50 ಹರ್ಟ್ಜ್. ವೇಗ ಲೆಕ್ಕ ಹಾಕುವುದು ಎನ್‌ಕೋಡರ್‌ನ ಪಲ್ಸ್ ಎಣಿಸಿ; ಶಾಫ್ಟ್ ತಿರುಗಿದಂತೆ ಪಲ್ಸ್ ಕಳಿಸುವ ಸೆನ್ಸರ್ ಅದು. ಅಂದಮೇಲೆ ಇಲ್ಲದ ಪಲ್ಸ್ ಎಲ್ಲಿಂದಲೋ ಬಂದು ಎಣಿಕೆಗೆ ಸೇರುತ್ತಿದೆ ಅಂತಲೇ ಅರ್ಥ.

ಎನ್‌ಕೋಡರ್ ಒಂದು ಸುತ್ತಿಗೆ 1000 ಪಲ್ಸ್‌ನದು, ಓಪನ್ ಕಲೆಕ್ಟರ್ ಔಟ್‌ಪುಟ್. ಅಂದರೆ ಸಿಗ್ನಲನ್ನು ಅದು ಕೆಳಗೆ ಮಾತ್ರ ಎಳೆಯುತ್ತದೆ, ಮೇಲೆತ್ತಲು ಹೊರಗೊಂದು ಪುಲ್‌ಅಪ್ ರೆಸಿಸ್ಟರ್ ಬೇಕು. ಸಿಗ್ನಲ್‌ಗಳನ್ನು ಕಂಪ್ಯೂಟರ್‌ಗೆ ತರುವ ಡ್ಯಾಕ್ (DAQ) ಕಾರ್ಡ್‌ನಲ್ಲಿ ಎರಡು ಕೌಂಟರ್ ಇದ್ದವು. ಒಂದಕ್ಕೆ ಎನ್‌ಕೋಡರ್‌ನ ಎ, ಬಿ ಎರಡೂ ಚಾನೆಲ್ (ಒಂದರ ಹಿಂದೆ ಒಂದು ಸ್ವಲ್ಪ ತಡವಾಗಿ ಬರುವ ಪಲ್ಸ್‌ಗಳು) ಕೊಟ್ಟು ಕೋನ ಅಳೆಯುತ್ತಿದ್ದೆವು. ಇನ್ನೊಂದಕ್ಕೆ ಎ ಒಂದನ್ನೇ ಕೊಟ್ಟು ವೇಗ. ಕೋನದಲ್ಲಿ ತಪ್ಪೇ ಇರಲಿಲ್ಲ, ಎರಡೂ ಚಾನೆಲ್‌ನ ಏರುವ, ಇಳಿಯುವ ಅಂಚುಗಳೆಲ್ಲ ಸೇರಿ ಒಂದು ಸುತ್ತಿಗೆ ಸರಿಯಾಗಿ 4000 ಎಣಿಕೆ. ಅದನ್ನು ನೋಡಿ ಪ್ಯಾನೆಲ್ ಮಾಡಿದವರು, "ವೈರಿಂಗ್ ಎಲ್ಲ ಸರಿ ಇದೆ ಸಾರ್, ನಿಮ್ಮ ಪ್ರೋಗ್ರಾಂ ನೋಡ್ಕೊಳ್ಳಿ" ಅಂದರು.

ಕೋನ ಸರಿ ಬಂದ ಮಾತ್ರಕ್ಕೆ ವೈರಿಂಗ್ ಸರಿ ಅಂತ ಹೇಳೋಕಾಗಲ್ಲ. ಬಿ ಸುಮ್ಮನಿದ್ದು ಎ ಮಾತ್ರ ಒಮ್ಮೆ ಮೇಲೆದ್ದು ಬಿದ್ದರೆ, ಕೋನದ ಕೌಂಟರ್ ಒಂದು ಕೂಡಿಸಿ ಒಂದು ಕಳೆಯುತ್ತದೆ. ಲೆಕ್ಕ ಚುಕ್ತಾ. ವೇಗದ ಕೌಂಟರ್‌ಗೆ ಕಳೆಯುವ ದಾರಿಯೇ ಇಲ್ಲ, ಅದು ಬಂದದ್ದನ್ನೆಲ್ಲ ಕೂಡಿಸುತ್ತಾ ಹೋಗುತ್ತದೆ. ಸುತ್ತಿಗೊಮ್ಮೆ ಮಾತ್ರ ಬರುವ ಝಡ್ ಅನ್ನುವ ಪಲ್ಸ್ ಇದೆ. ಒಂದು ಝಡ್ ಪಲ್ಸ್‌ನಿಂದ ಮುಂದಿನ ಝಡ್ ಪಲ್ಸ್‌ವರೆಗೆ ಎ ಎಷ್ಟು ಸಲ ಏರಿತು ಅಂತ ಎಣಿಸಿದೆ. 1000 ಇರಬೇಕಾದಲ್ಲಿ 1020, 1025 ಹೀಗೆ ಬರುತ್ತಿತ್ತು.

ಆಮೇಲೆ ಎನ್‌ಕೋಡರ್ ಬಿಚ್ಚಿ ಬ್ಯಾಟರಿ ಡ್ರಿಲ್‌ಗೆ ಸಿಕ್ಕಿಸಿ ತಿರುಗಿಸಿದೆ. ಮೋಟಾರ್‌ಗೂ ಅದಕ್ಕೂ ಈಗ ಸಂಬಂಧವೇ ಇಲ್ಲ. ಡ್ರೈವ್ ಆಫ್ ಇದ್ದಾಗ ಪ್ರತಿ ಸುತ್ತಿಗೂ 1000. ಡ್ರೈವ್ ಆನ್ ಮಾಡಿ ಮೋಟಾರ್ ಓಡಿಸಿದ ಕೂಡಲೇ ಹೆಚ್ಚುವರಿ ಪಲ್ಸ್ ಶುರು. ಹಾಗಾಗಿ ಗಲಾಟೆ ಬರುತ್ತಿದ್ದುದು ಕೇಬಲ್ ಮೂಲಕವೇ. ಟ್ರೇ ಮುಚ್ಚಳ ತೆಗೆದರೆ ಮೋಟಾರ್ ಕೇಬಲ್, ಎನ್‌ಕೋಡರ್ ಕೇಬಲ್ ಎರಡೂ ಹನ್ನೆರಡು ಮೀಟರ್ ಉದ್ದಕ್ಕೂ ಮೈಗೆ ಮೈ ತಾಗಿಸಿಕೊಂಡು ಮಲಗಿದ್ದವು.

ಆದರೆ ಪಕ್ಕದಲ್ಲಿ ಮಲಗಿದ್ದಷ್ಟೇ ಕಾರಣ ಅಲ್ಲ. ಸ್ಕೋಪ್ ಪ್ರೋಬನ್ನು ಕಾರ್ಡ್‌ನ ಟರ್ಮಿನಲ್ ಹತ್ತಿರ ಇಟ್ಟು ನೋಡಬೇಕು. ಎನ್‌ಕೋಡರ್ ಹತ್ತಿರ ಇಟ್ಟು "ಚೆನ್ನಾಗಿದೆ" ಅಂದರೆ ಏನೂ ಗೊತ್ತಾಗಲ್ಲ. ನಮ್ಮಲ್ಲಿ ಇಳಿಯುವ ಅಂಚು ಚೂಪಾಗಿತ್ತು. ಏರುವ ಅಂಚು ಮಾತ್ರ ಸೋಮಾರಿಯಾಗಿ ಬಾಗಿ ಏರುತ್ತಿತ್ತು. 5 ವೋಲ್ಟ್‌ಗೆ ಕಟ್ಟಿದ್ದ ಪುಲ್‌ಅಪ್ ರೆಸಿಸ್ಟರ್ 10 ಕಿಲೋ ಓಮ್. ಕೇಬಲ್‌ಗೆ ಮೀಟರಿಗೆ 100 ಪಿಕೋಫ್ಯಾರಡ್ ಅಂತ ಹಿಡಿದರೂ 1200 ಆಗುತ್ತದೆ. ಎರಡನ್ನೂ ಗುಣಿಸಿದರೆ 12 ಮೈಕ್ರೋಸೆಕೆಂಡ್, ಅಂಚು ಬಹುಪಾಲು ಏರಲು ಹಿಡಿಯುವ ಸಮಯ. 1500 ಆರ್‌ಪಿಎಂನಲ್ಲಿ ಒಂದು ಪಲ್ಸ್‌ಗೆ ಸಿಗುವುದೇ 40, ಅದರಲ್ಲಿ ಮೇಲಿರುವುದು 20. ಅಂಚು ಅಷ್ಟು ನಿಧಾನಕ್ಕೆ ಏರುವಾಗ ಡ್ರೈವ್‌ನಿಂದ ಒಂದು ಸಣ್ಣ ಚುಚ್ಚು ಬಿದ್ದರೂ ಸಾಕು, ಕಾರ್ಡ್‌ಗೆ ಅದು ಎರಡು ಪಲ್ಸ್.

10 ಕಿಲೋ ತೆಗೆದು 1 ಕಿಲೋ ಹಾಕಿದೆ. ಅಂಚು ನೆಟ್ಟಗಾಯಿತು, ಹೆಚ್ಚುವರಿ ಎಣಿಕೆ ಬಹುಪಾಲು ಹೋಯಿತು. ಕೇಬಲ್ ಬೇರೆ ದಾರಿಯಲ್ಲಿ ಎಳೆಸಿ, ಶೀಲ್ಡನ್ನು ಪ್ಯಾನೆಲ್ ಕಡೆ ಅರ್ತ್ ಮಾಡಿದ ಮೇಲೆ ಪೂರ್ತಿ ನಿಂತಿತು. ಕೊನೆಗೆ ಕಾರ್ಡ್‌ನ ಡಿಜಿಟಲ್ ಫಿಲ್ಟರನ್ನೂ ಆನ್ ಮಾಡಿದೆ; ಗೊತ್ತುಮಾಡಿದ ಅವಧಿಗಿಂತ ಚಿಕ್ಕ ಪಲ್ಸನ್ನು ಅದು ಎಣಿಸಲು ಬಿಡುವುದಿಲ್ಲ. ಅದರಲ್ಲಿ ಸುಮಾರು 6 ಮೈಕ್ರೋಸೆಕೆಂಡ್‌ನದು ಒಂದು, ಸುಮಾರು 2.5 ಮಿಲಿಸೆಕೆಂಡ್‌ನದು ಇನ್ನೊಂದು. ದೊಡ್ಡದನ್ನು ಹಾಕಿದರೆ 20 ಮೈಕ್ರೋಸೆಕೆಂಡ್‌ನ ನಿಜವಾದ ಪಲ್ಸ್ ಕೂಡ ಮಾಯ.

ಈ ನಡುವೆ "ಆವರೇಜ್ ಹಾಕ್ಬಿಡಿ ಸಾರ್" ಅನ್ನುವ ಸಲಹೆ ದಿನಾ ಬರುತ್ತಿತ್ತು. ಆವರೇಜ್‌ನಿಂದ 1530 ಅಲುಗಾಡದೆ ನಿಲ್ಲುತ್ತದೆ, ಅಷ್ಟೇ. ಸುಳ್ಳು ಪಲ್ಸ್ ಯಾವಾಗಲೂ ಕೂಡುತ್ತದೆ, ಎಂದೂ ಕಳೆಯುವುದಿಲ್ಲ. ಎಷ್ಟು ಆವರೇಜ್ ಮಾಡಿದರೂ ಸರಾಸರಿಯೇ ಸುಳ್ಳು.

ಈಗ ಓದು 1494ಕ್ಕೆ ಬಂತು, ಆದರೆ 6-6ರ ಮೆಟ್ಟಿಲಲ್ಲಿ ಜಿಗಿಯುತ್ತಿತ್ತು. ಇದು ಲೆಕ್ಕದ ವಿಷಯ. 10 ಮಿಲಿಸೆಕೆಂಡ್‌ಗೊಮ್ಮೆ ಪಲ್ಸ್ ಎಣಿಸಿದರೆ ಒಂದು ಪಲ್ಸ್ ಹೆಚ್ಚುಕಮ್ಮಿ ಅಂದರೆ 6 ಆರ್‌ಪಿಎಂ. ಮೇಲಿಂದ ವಿಂಡೋಸ್ ಲೂಪ್ 10 ಅನ್ನುವುದನ್ನು ಕೆಲವೊಮ್ಮೆ 11, 12 ಮಾಡುತ್ತದೆ. ಅದನ್ನು ಬಿಟ್ಟು, 1000 ಪಲ್ಸ್‌ಗೆ ಎಷ್ಟು ಸಮಯ ಹಿಡಿಯಿತು ಅಂತ ಕಾರ್ಡ್‌ನ 80 ಮೆಗಾಹರ್ಟ್ಜ್ ಗಡಿಯಾರದಲ್ಲೇ ಅಳೆಸಿದೆ. 1000 ಅಂದರೆ ಸರಿಯಾಗಿ ಒಂದು ಸುತ್ತು. ಮೋಟಾರ್ ಶಾಫ್ಟ್‌ಗೆ ಎನ್‌ಕೋಡರ್ ಜೋಡಿಸುವ ಕಪ್ಲಿಂಗ್ ಸ್ವಲ್ಪ ಸೊಟ್ಟಗಿದ್ದರೂ ಒಂದು ಸುತ್ತಿನೊಳಗೆ ಅದರ ಏರಿಳಿತ ತಾನೇ ರದ್ದಾಗುತ್ತದೆ. ನಿಧಾನದ ಟೆಸ್ಟ್‌ಗೆ ಮಾತ್ರ 100ಕ್ಕೆ ಇಳಿಸಿದೆ, ಇಲ್ಲದಿದ್ದರೆ 30 ಆರ್‌ಪಿಎಂನಲ್ಲಿ ಒಂದು ಓದಿಗೆ 2 ಸೆಕೆಂಡ್ ಕಾಯಬೇಕು.

ಹಾಗೆ ಇಳಿಸಿದಾಗ ಒಂದು ಅಲೆ ಕಾಣಿಸಿತು. ತಿರುಗುವ ಭಾಗದ್ದೋ ವೈರಿಂಗ್‌ದೋ ಅಂತ ತಿಳಿಯಲು, 100ರಲ್ಲೇ ಇಟ್ಟು ವೇಗ ಬದಲಿಸಿದರೆ ಸಾಕು. 1500ರ ಹತ್ತಿರ ಸೆಕೆಂಡಿಗೆ 25 ಸಲ ಬರುತ್ತಿದ್ದ ಅಲೆ 750ರಲ್ಲಿ 12.5 ಆಯಿತು. ವೇಗದ ಜೊತೆ ಓಡಿತು ಅಂದರೆ ಕಪ್ಲಿಂಗ್ ಕೆಲಸ. ವೇಗ ಬದಲಿಸಿದರೂ ಕರೆಂಟಿನ 50 ಹರ್ಟ್ಜ್‌ನಲ್ಲೋ 100ರಲ್ಲೋ ಕದಲದೆ ಕೂತಿದ್ದರೆ ಮತ್ತೆ ಅರ್ತಿಂಗ್ ಹುಡುಕಬೇಕಿತ್ತು. ಡಯಲ್ ಗೇಜ್ ಇಟ್ಟು ಅಲೈನ್ ಮಾಡಿ, ಗ್ರಬ್ ಸ್ಕ್ರೂ ಬಿಗಿ ಮಾಡಿದ ಮೇಲೆ ಅಲೆ ತಗ್ಗಿತು.

ಉಳಿದದ್ದು ಮೋಟಾರ್ ನಿಂತಾಗಿನ ಸಮಸ್ಯೆ. ಪಲ್ಸ್ ಬರದಿದ್ದರೆ ಕಾರ್ಡ್ ಹೊಸ ಓದು ಕೊಡುವುದಿಲ್ಲ, ಸ್ಕ್ರೀನ್ ಹಳೇ ನಂಬರನ್ನೇ ಹಿಡಿದು ಕೂರುತ್ತದೆ. 200 ಮಿಲಿಸೆಕೆಂಡ್ ಒಂದೂ ಪಲ್ಸ್ ಇಲ್ಲದಿದ್ದರೆ ಸೊನ್ನೆ ತೋರಿಸು ಅಂತ ಬರೆಯುವುದು ಸುಲಭ. ಆದರೆ ಕೇಬಲ್ ಕಿತ್ತುಬಂದರೂ ಅದು ಸೊನ್ನೆಯನ್ನೇ ತೋರಿಸುತ್ತದೆ, ಅಲ್ವಾ? ಆಪರೇಟರ್ ಆ ಸೊನ್ನೆ ನಂಬಿ ಓಡುತ್ತಿರುವ ಶಾಫ್ಟ್‌ನ ಗಾರ್ಡ್ ತೆಗೆದಾನು. ಅದಕ್ಕೇ ಡ್ರೈವ್‌ನ ರನ್ ಸಿಗ್ನಲ್ ಕೂಡ ಕಾರ್ಡ್‌ಗೆ ತಂದೆ. ರನ್ ಇದ್ದು ಪಲ್ಸ್ ಇಲ್ಲದಿದ್ದರೆ ನಂಬರ್ ಜಾಗದಲ್ಲಿ ಕೆಂಪಕ್ಷರದಲ್ಲಿ "ಸಿಗ್ನಲ್ ಇಲ್ಲ" ಅಂತ ಬರುತ್ತದೆ.