ಟ್ರಾಜನ್‌ನ ಸೈನಿಕರಿಗೆ ಬಣ್ಣ ಹಚ್ಚಿದ್ದು ಹೀಗೆ

ವಾರ್‌ಗೇಮ್‌ಗೆ, ಅಂದರೆ ಪುಟ್ಟ ಗೊಂಬೆ ಸೈನಿಕರನ್ನು ಮೇಜಿನ ಮೇಲೆ ನಿಲ್ಲಿಸಿ ಆಡುವ ಯುದ್ಧದ ಆಟಕ್ಕೆ, ರೋಮನ್ ಪಡೆ ಬೇಕು ಅಂತ ಹೊರಟರೆ ಮೊದಲು ಕಾಲ ಗೊತ್ತು ಮಾಡಿಕೊಳ್ಳಬೇಕು. ಸೀಸರ್ ಕಾಲದ ಸೈನಿಕನಿಗೂ ಚಕ್ರವರ್ತಿ ಟ್ರಾಜನ್ ಕಾಲದವನಿಗೂ ಉಡುಪಿನಲ್ಲೇ ಬಹಳ ವ್ಯತ್ಯಾಸ. ನಾನು ಆರಿಸಿಕೊಂಡಿದ್ದು ಟ್ರಾಜನ್ ಡೇಸಿಯಾದಲ್ಲಿ, ಅಂದರೆ ಈಗಿನ ರೊಮೇನಿಯಾ ಕಡೆ, ಕ್ರಿ.ಶ. 101ರಿಂದ 106ರ ನಡುವೆ ಮಾಡಿದ ಯುದ್ಧಗಳನ್ನು. ರೋಮ್‌ನ ಟ್ರಾಜನ್ ಸ್ತಂಭದ ಮೇಲೆ ಆ ಯುದ್ಧಗಳೆಲ್ಲ ಕೆತ್ತನೆಯಾಗಿವೆ. ಅಲ್ಲಿ ಪಟ್ಟಿ ಪಟ್ಟಿ ಕವಚ ತೊಟ್ಟವರು ಲೀಜನ್‌ನವರು, ಅಂದರೆ ರೋಮ್‌ನ ಮುಖ್ಯ ಪಡೆಯವರು. ಸರಪಳಿ ಕವಚ ತೊಟ್ಟು ಅಂಡಾಕಾರದ ಗುರಾಣಿ ಹಿಡಿದವರು ಸಹಾಯಕ ಪಡೆಯವರು. ಬಣ್ಣ ಹಚ್ಚುವವರಿಗೆ ಇನ್ನೇನು ಬೇಕು ಅಂತೀರಾ? ಬಣ್ಣವೇ ಬೇಕು. ಆ ಕಲ್ಲಿನ ಮೇಲೆ ಅದೊಂದೇ ಈಗ ಇಲ್ಲ!

ಅಂಗಿ ಕೆಂಪೋ ಬಿಳಿಯೋ ಅನ್ನುವ ಜಗಳ ಈ ಹವ್ಯಾಸದಲ್ಲಿ ಮುಗಿಯುವುದೇ ಇಲ್ಲ. ಸಿನಿಮಾ ನೋಡಿದವರಿಗೆ ಕೆಂಪೇ ಬೇಕು. ಆದರೆ ಕ್ರಿ.ಶ. 138ರ ಒಂದು ಪಪೈರಸ್, ಅಂದರೆ ಜೊಂಡಿನ ಹಾಳೆಯ ಮೇಲೆ ಬರೆದ ಪತ್ರ, ಇದೆ. ಈಜಿಪ್ಟಿನ ನೇಕಾರರಿಗೆ ಈಗಿನ ಟರ್ಕಿ ಕಡೆಯ ಕಪಡೋಷಿಯಾದ ಸೈನ್ಯಕ್ಕಾಗಿ ಬಟ್ಟೆ ನೇಯಲು ಕೊಟ್ಟ ಆರ್ಡರ್ ಅದು. ಅದರಲ್ಲಿ ಕೇಳಿರುವುದು ಬಿಳಿ ಅಂಗಿ, ಬಿಳಿ ಮೇಲುಹೊದಿಕೆ. ಹಾಗಾಗಿ ನನ್ನ ಪಡೆಯಲ್ಲಿ ಬಣ್ಣ ಹಾಕದ ಉಣ್ಣೆಯ ಮಾಸಲು ಬಿಳಿಯೇ ಜಾಸ್ತಿ, ನಡುನಡುವೆ ಬಿಸಿಲಿಗೆ ಬಾಡಿದ ಕೆಂಪು. ಆ ಕಾಲದಲ್ಲಿ ಅಗ್ಗದ ಕೆಂಪು ಬರುತ್ತಿದ್ದದ್ದು ನಮ್ಮ ಮಂಜಿಷ್ಠದ ಕುಲಕ್ಕೇ ಸೇರಿದ ಗಿಡದ ಬೇರಿನಿಂದ. ಹೊಸ ಕಾರಿನ ಕೆಂಪು ಅದಲ್ಲ, ಇಟ್ಟಿಗೆಯ ಕಡೆ ವಾಲುವ ಕೆಂಪು. ಅದಕ್ಕೇ ಕೆಂಪು ಅಂಗಿಯ ಮಡಿಕೆಗಳ ಮೇಲ್ಭಾಗ ತಿಳಿಮಾಡುವಾಗ ಕಿತ್ತಳೆ ಸೇರಿಸುವುದಿಲ್ಲ, ಚರ್ಮದ ಬಣ್ಣ ಸೇರಿಸುತ್ತೇನೆ. ಬಿಳಿ ಅಂಗಿಗೂ ಅಚ್ಚ ಬಿಳಿ ಮುಟ್ಟುವುದಿಲ್ಲ. ಖಾಕಿಯಿಂದ ಶುರು ಮಾಡಿ ದಂತದ ಬಣ್ಣಕ್ಕೆ ನಿಲ್ಲಿಸುತ್ತೇನೆ.

ನನ್ನವು 28 ಮಿ.ಮೀ. ಅಳತೆಯ ಪ್ಲಾಸ್ಟಿಕ್ ಗೊಂಬೆಗಳು. ಅಚ್ಚಿನ ಗೆರೆ ಕೆರೆದು, ಅಂಟಿಸಿ, ಬಾಟಲಿ ಮುಚ್ಚಳದ ಮೇಲೆ ನಿಲ್ಲಿಸಿ, ಬಣ್ಣ ಹಿಡಿಯಲಿ ಅಂತ ಕಪ್ಪು ಪ್ರೈಮರ್ ಹೊಡೆದರೆ ತಯಾರಿ ಮುಗಿಯಿತು. ಗುರಾಣಿ ಮಾತ್ರ ಆಗಲೇ ಅಂಟಿಸಬಾರದು. ಅಂಟಿಸಿದರೆ ಎದೆಯ ಕಡೆ ಬ್ರಷ್ಷೇ ಹೋಗುವುದಿಲ್ಲ.

ಕವಚಕ್ಕೆ ಅಂಗಿಗಿಂತ ಮೊದಲು ಕೈ ಹಾಕುತ್ತೇನೆ, ಯಾಕೆಂದರೆ ಡ್ರೈಬ್ರಷ್ ಮಾಡುವಾಗ ಬೆಳ್ಳಿ ಬಣ್ಣ ಎಲ್ಲೆಂದರಲ್ಲಿ ಹತ್ತುತ್ತದೆ. ಹಳೆಯ ಅಗಲ ಬ್ರಷ್ಷಿಗೆ ಗನ್‌ಮೆಟಲ್ ಅನ್ನುವ ಕಡು ಬೆಳ್ಳಿ ಬಣ್ಣ ಹಚ್ಚಿ, ಟಿಶ್ಯೂ ಮೇಲೆ ಹೆಚ್ಚುಕಮ್ಮಿ ಪೂರ್ತಿ ಒರೆಸಿ, ಮೇಲಿಂದ ಕೆಳಕ್ಕೆ ಸವರುತ್ತೇನೆ. ಉಬ್ಬಿದ ಪಟ್ಟಿಗಳು ಮಾತ್ರ ಹೊಳೆಯುತ್ತವೆ, ಸಂದಿಗಳು ಕಪ್ಪಾಗೇ ಉಳಿಯುತ್ತವೆ. ಆಮೇಲೆ ವಾಶ್, ಅಂದರೆ ಸಂದಿಗಳಿಗೆ ಇಳಿಯುವ ನೀರು ನೀರಾದ ಬಣ್ಣ. ಹೆಚ್ಚಿನವರು ಕಪ್ಪು ವಾಶ್ ಹಾಕುತ್ತಾರೆ. ನನಗೆ ಇಷ್ಟ ಕಂದು, ಅದೂ ತೆಳು ಕಾಫಿ ಡಿಕಾಕ್ಷನ್‌ನಷ್ಟು. ಎಣ್ಣೆ ಹಚ್ಚಿ ಉಜ್ಜಿದ್ದರೂ ಮಳೆಯಲ್ಲಿ ನೆನೆದ ಕಬ್ಬಿಣ ಅನ್ನಿಸುವುದು ಅದರಿಂದಲೇ. ಅದು ಒಣಗಿದ ಮೇಲೆ ಪ್ರತಿ ಪಟ್ಟಿಯ ಮೇಲಂಚಿಗೆ ಬೆಳ್ಳಿಯ ಒಂದೊಂದು ಗೆರೆ, ಕೀಲು ಬಕಲ್‌ಗಳಿಗೆ ಹಿತ್ತಾಳೆಯ ಚುಕ್ಕೆ. ಈ ಚುಕ್ಕೆಗಳಿಗೆ ತಾಳ್ಮೆ ಬೇಕು, ಬಿಡಬೇಡಿ.

ಇನ್ನು ಗುರಾಣಿ. ಮೇಜಿನ ಆ ಕಡೆ ಕೂತವರಿಗೆ ಕಾಣುವುದೇ ಗುರಾಣಿಗಳ ಸಾಲು, ಹಾಗಾಗಿ ನನ್ನ ಅರ್ಧ ಸಮಯ ಹೋಗುವುದು ಇಲ್ಲೇ. ಸಿರಿಯಾದ ಡ್ಯೂರಾ ಯುರೋಪಸ್‌ನಲ್ಲಿ ಸಿಕ್ಕ ಗುರಾಣಿ ಈಗ ಯೇಲ್ ವಿಶ್ವವಿದ್ಯಾಲಯದಲ್ಲಿದೆ. ಕೆಂಪು ನೆಲದ ಮೇಲೆ ಹದ್ದು, ಕೆಳಗೆ ಸಿಂಹ. ಅದು 3ನೇ ಶತಮಾನದ್ದು, ನನ್ನ ಪಡೆಯ ಕಾಲಕ್ಕಿಂತ ಈಚಿನದು, ಆದರೂ ಕೆಂಪು ನೆಲ ಹಾಕಲು ಧೈರ್ಯ ಕೊಟ್ಟಿತು. ಚಿತ್ರಕ್ಕೆ ಸ್ತಂಭದ ಮೇಲಿರುವ ರೆಕ್ಕೆ, ಸಿಡಿಲುಗಳನ್ನೇ ತೆಗೆದುಕೊಂಡೆ. ಕೊಹೋರ್ಟ್‌ಗಳು, ಅಂದರೆ ಲೀಜನ್ ಒಳಗಿನ ತುಕಡಿಗಳು, ಒಂದಕ್ಕೊಂದು ಬೇರೆ ಗುರುತು ಬರೆಸಿಕೊಳ್ಳುತ್ತಿದ್ದವು ಅಂತ ರೋಮನ್ ಲೇಖಕ ವೆಜಿಟಿಯಸ್ ಬರೆದಿದ್ದಾನೆ. ಅದನ್ನು ನಂಬಿ ಪ್ರತಿ ಗುಂಪಿಗೂ ಚಿತ್ರ ಸ್ವಲ್ಪ ಬದಲಿಸಿದ್ದೇನೆ. ಆಟದಲ್ಲಿ ಯಾವ ಗುಂಪು ಯಾವುದು ಅಂತ ಹುಡುಕಾಡುವುದೂ ತಪ್ಪಿತು. ಚಿತ್ರದ ಹಳದಿಯನ್ನು ಕೆಂಪಿನ ಮೇಲೆ ನೇರ ಹಚ್ಚಿದರೆ ಕೂರುವುದಿಲ್ಲ, ಮೊದಲು ಬೂದು ಬಿಳಿಯಲ್ಲಿ ಚಿತ್ರ ಬರೆದುಕೊಳ್ಳಬೇಕು. ಕೈ ನಡುಗುವವರಿಗೆ ಟ್ರಾನ್ಸ್‌ಫರ್ ಸ್ಟಿಕ್ಕರ್ ಸಿಗುತ್ತವೆ, ಅದರಲ್ಲಿ ನಾಚಿಕೆ ಏನಿಲ್ಲ.

ಕಣ್ಣು ನಾನು ಬರೆಯುವುದೇ ಇಲ್ಲ. ಹೆಲ್ಮೆಟ್ ಕೆಳಗಿನ ನೆರಳು ಸಾಕು. ಮೂಗು, ಕೆನ್ನೆ, ಬೆರಳ ಗೆಣ್ಣುಗಳ ಮೇಲೆ ತಿಳಿ ಬಣ್ಣ ಮುಟ್ಟಿಸಿದರೆ ಮುಖಕ್ಕೆ ಜೀವ ಬರುತ್ತದೆ. ಗೊಂಬೆ ನಿಲ್ಲುವ ಬೇಸ್‌ಗೆ ಫೆವಿಕಾಲ್, ಜರಡಿ ಹಿಡಿದ ಮರಳು, ಕಂದು ಬಣ್ಣ, ಅಷ್ಟೇ.

ವಾರ್ನಿಶ್ ವಿಷಯದಲ್ಲಿ ಒಂದು ಮಾತು. ಮಳೆಗಾಲದಲ್ಲಿ ಸ್ಪ್ರೇ ಬೇಡ. ಗಾಳಿಯ ತೇವಕ್ಕೆ ಅದು ಬೂಷ್ಟು ಹಿಡಿದ ಹಾಗೆ ಬೆಳ್ಳಗಾಗಿಬಿಡುತ್ತದೆ. ಬ್ರಷ್ಷಿನಲ್ಲೇ ಮ್ಯಾಟ್ ವಾರ್ನಿಶ್ ಹಚ್ಚಿ. ಅದರಿಂದ ಲೋಹದ ಹೊಳಪೂ ಸಾಯುತ್ತದಲ್ವಾ, ಹಾಗಾಗಿ ಒಣಗಿದ ಮೇಲೆ ಹೆಲ್ಮೆಟ್ಟಿಗೆ, ಗುರಾಣಿಯ ನಡುವಿನ ಉಬ್ಬಿದ ಲೋಹದ ಗುಬ್ಬಿಗೆ ಸ್ವಲ್ಪ ಹೊಳಪಿನ ವಾರ್ನಿಶ್ ಮುಟ್ಟಿಸಿ.